ಜಲಸಂಧಿಯ ನೀರು ಯಾರದು, ದಾರಿ ಯಾರದು?

ಅಂತರರಾಷ್ಟ್ರೀಯ ಜಲಸಂಧಿ ಎಂದರೆ ಯಾರಿಗೂ ಸೇರದ ನೀರು ಎಂದು ನಮ್ಮಲ್ಲಿ ಹಲವರು ಉತ್ತರಪತ್ರಿಕೆಯಲ್ಲಿ ಬರೆಯುತ್ತೇವೆ. ನವಲಗುಂದದ ಕಡೆಯ ಎರೆಹೊಲಗಳನ್ನು ಬಲ್ಲವರಿಗೆ ಇದರಲ್ಲಿನ ತಪ್ಪು ಬೇಗ ಹೊಳೆಯುತ್ತದೆ. ಒಳಗಿನ ಹೊಲಕ್ಕೆ ಹೋಗುವ ಬಂಡಿದಾರಿ ಬೇರೊಬ್ಬರ ಹೊಲದ ಮೇಲೆಯೇ ಹಾಯ್ದಿರುತ್ತದೆ. ಮಣ್ಣು ಆ ಹೊಲದ ಒಡೆಯನದು, ಹಾಯುವ ಹಕ್ಕಷ್ಟೇ ಉಳಿದವರದು. 1982ರ ಸಮುದ್ರ ಕಾನೂನು ಒಡಂಬಡಿಕೆಯ 34ನೆಯ ವಿಧಿಯೂ ಇದನ್ನೇ ಹೇಳುತ್ತದೆ: ಹಾದುಹೋಗುವ ನಿಯಮಗಳಿಂದ ಆ ನೀರಿನ ಮೇಲಿನ ಕರಾವಳಿ ರಾಷ್ಟ್ರದ ಸಾರ್ವಭೌಮತ್ವಕ್ಕೆ ಧಕ್ಕೆಯಿಲ್ಲ.

ಈ ನಿಯಮಗಳು ಏಕೆ ಬೇಕಾದವು ಎಂಬುದು ಧಾರವಾಡದ ಗ್ರಂಥಾಲಯದಲ್ಲಿ ಭೂಪಟ ಬಿಡಿಸಿ, ಇರಾನ್ ಮತ್ತು ಒಮಾನ್ ನಡುವಿನ ಹೊರ್ಮುಜ್‌ನ ಎರಡೂ ದಡಗಳಿಂದ ಕೈವಾರದಲ್ಲಿ 12 ನಾಟಿಕಲ್ ಮೈಲಿಗಳ ಕಂಸ ಎಳೆದಾಗ ನನಗೆ ಸ್ಪಷ್ಟವಾಯಿತು. ಜಲಸಂಧಿಯ ಅತಿ ಇಕ್ಕಟ್ಟಾದ ಜಾಗ ಸುಮಾರು 21 ಮೈಲಿ. ಆದ್ದರಿಂದ ಕಂಸಗಳು ಒಂದರ ಮೇಲೊಂದು ಬಿದ್ದವು, ನಡುವೆ ಯಾವ ರಾಷ್ಟ್ರಕ್ಕೂ ಸೇರದ ಮುಕ್ತ ಸಮುದ್ರದ ಒಂದು ಎಳೆಯೂ ಉಳಿಯಲಿಲ್ಲ. ಪ್ರಾದೇಶಿಕ ಸಮುದ್ರದ, ಅಂದರೆ ಕರಾವಳಿ ರಾಷ್ಟ್ರದ ಸಾರ್ವಭೌಮತ್ವಕ್ಕೆ ಸೇರಿದ ಸಮುದ್ರಪಟ್ಟಿಯ, ಮಿತಿಯನ್ನು 12 ಮೈಲಿಗೆ ಒಪ್ಪಬೇಕಾದರೆ ಜಲಸಂಧಿಗಳ ದಾರಿ ತೆರೆದಿರಬೇಕೆಂದು ದೊಡ್ಡ ನೌಕಾಶಕ್ತಿಗಳು ಪಟ್ಟು ಹಿಡಿದದ್ದು ಇದಕ್ಕಾಗಿಯೇ.

ಪರೀಕ್ಷೆಯಲ್ಲಿ ನಾವು ಎಡವುವುದು ಎರಡು ಹಕ್ಕುಗಳನ್ನು ಬೆರೆಸಿದಾಗ. ಪ್ರಾದೇಶಿಕ ಸಮುದ್ರದಲ್ಲಿ ಕರಾವಳಿ ರಾಷ್ಟ್ರದ ಶಾಂತಿಗೆ ಭಂಗ ತರದೆ ಹಾಯುವುದು ಇನೊಸೆಂಟ್ ಪ್ಯಾಸೇಜ್, ಜಲಸಂಧಿಯಲ್ಲಿ ತಡೆಯಿಲ್ಲದೆ ಹಾಯುವುದು ಟ್ರಾನ್ಸಿಟ್ ಪ್ಯಾಸೇಜ್. ಇನೊಸೆಂಟ್ ಪ್ಯಾಸೇಜ್‌ನಲ್ಲಿ ಜಲಾಂತರ್ಗಾಮಿ ನೀರಿನ ಮೇಲೆ ಬಂದು ಧ್ವಜ ತೋರಿಸಬೇಕು, ವಿಮಾನಗಳಿಗೆ ಹಕ್ಕಿಲ್ಲ, ಭದ್ರತೆಗಾಗಿ ಕರಾವಳಿ ರಾಷ್ಟ್ರವು ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಬಹುದು. ಟ್ರಾನ್ಸಿಟ್ ಪ್ಯಾಸೇಜ್ ವಿಮಾನಗಳಿಗೂ ಉಂಟು. 44ನೆಯ ವಿಧಿಯಂತೆ ಅದನ್ನು ತಡೆಹಿಡಿಯುವಂತಿಲ್ಲ. ಆದರೂ ನೌಕೆ ತಡಮಾಡದೆ ಸಾಗಬೇಕು, ಬಲಪ್ರಯೋಗದ ಬೆದರಿಕೆ ಒಡ್ಡಬಾರದು. ಸಂಚಾರ ಸುರಕ್ಷತೆ, ಮಾಲಿನ್ಯ, ಮೀನುಗಾರಿಕೆಯ ಬಗ್ಗೆ ಕರಾವಳಿ ರಾಷ್ಟ್ರ ಕಾನೂನು ಮಾಡಬಹುದು.

ಇದರ ಬೇರು ಕೋರ್ಫು ಕಾಲುವೆ (ಗ್ರೀಸ್‌ನ ಕೋರ್ಫು ದ್ವೀಪದ ಪಕ್ಕದ ಜಲಸಂಧಿ) ಪ್ರಕರಣದಲ್ಲಿದೆ. 1946ರ ಅಕ್ಟೋಬರ್ 22ರಂದು ಅಲ್ಬೇನಿಯಾದ ನೀರಿನಲ್ಲಿ ಎರಡು ಬ್ರಿಟಿಷ್ ಯುದ್ಧನೌಕೆಗಳು ನೀರೊಳಗೆ ಇಟ್ಟಿದ್ದ ಸಿಡಿಗುಂಡುಗಳಿಗೆ (ಮೈನ್) ತಗುಲಿ 44 ನಾವಿಕರು ಸತ್ತರು. ಕಾಲುವೆ ಅನಿವಾರ್ಯ ಮಾರ್ಗವಲ್ಲ ಎಂಬ ಅಲ್ಬೇನಿಯಾದ ವಾದವನ್ನು ಅಂತರರಾಷ್ಟ್ರೀಯ ನ್ಯಾಯಾಲಯ 1949ರಲ್ಲಿ ಒಪ್ಪಲಿಲ್ಲ. ಕಾಲುವೆಯು ಮುಕ್ತ ಸಮುದ್ರದ ಎರಡು ಭಾಗಗಳನ್ನು ಜೋಡಿಸುತ್ತದೆಯೇ, ಅಂತರರಾಷ್ಟ್ರೀಯ ನೌಕಾಯಾನಕ್ಕೆ ಬಳಕೆಯಲ್ಲಿದೆಯೇ ಎಂಬುದನ್ನಷ್ಟೇ ನ್ಯಾಯಾಲಯ ನೋಡಿತು. ಈ ಒರೆಗಲ್ಲನ್ನು ಕಂಠಪಾಠ ಮಾಡುವುದಕ್ಕಿಂತ ಅರ್ಥಮಾಡಿಕೊಳ್ಳುವುದು ಮೇಲು.

ಅಪವಾದಗಳೂ ಇವೆ. ಟರ್ಕಿಯ ಜಲಸಂಧಿಗಳಿಗೆ 1936ರ ಮಾಂಟ್ರೊ ಒಪ್ಪಂದವೇ ಅನ್ವಯಿಸುತ್ತದೆ. ಇಟಲಿಯ ಮೆಸ್ಸಿನಾದಂತೆ ದ್ವೀಪದ ಹೊರಬದಿಯಲ್ಲಿ ಅಷ್ಟೇ ಅನುಕೂಲದ ದಾರಿಯಿದ್ದರೆ, ಒಳದಾರಿಯಲ್ಲಿ ಉಳಿಯುವುದು ಇನೊಸೆಂಟ್ ಪ್ಯಾಸೇಜ್ ಮಾತ್ರ, ಅದನ್ನೂ ತಡೆಹಿಡಿಯುವಂತಿಲ್ಲ.

ಹೊರ್ಮುಜ್‌ನ ಪ್ರಶ್ನೆ ಇನ್ನೂ ಕಠಿಣ. 1982ರ ಒಡಂಬಡಿಕೆಗೆ ಸಹಿ ಹಾಕಿದರೂ ಅದನ್ನು ಸ್ಥಿರೀಕರಿಸದ (ಅಧಿಕೃತವಾಗಿ ಒಪ್ಪಿಕೊಳ್ಳದ) ಇರಾನ್, ಟ್ರಾನ್ಸಿಟ್ ಪ್ಯಾಸೇಜ್ ಸದಸ್ಯ ರಾಷ್ಟ್ರಗಳಿಗೆ ಮಾತ್ರ ಸಲ್ಲುತ್ತದೆ ಎನ್ನುತ್ತದೆ. ಒಡಂಬಡಿಕೆಗೆ ಸೇರದ ಅಮೆರಿಕ, ಅದು ಎಲ್ಲರಿಗೂ ಸಲ್ಲುವ ರೂಢಿಗತ ಕಾನೂನು, ಅಂದರೆ ರಾಷ್ಟ್ರಗಳ ಆಚರಣೆಯಿಂದಲೇ ಬೆಳೆದ ಕಾನೂನು, ಎನ್ನುತ್ತದೆ.