ವಿನ್ಯೆಟ್ ಹಾಕಿದರೆ ಮೂಲೆಗಳು ಮಸಿ ಹಿಡಿದಂತೆ ಕಾಣುವುದೇಕೆ?

ಪ್ರಶ್ನೆ: ಫೋಟೊ ಎಡಿಟ್ ಮಾಡುವ ಲೈಟ್‌ರೂಮ್‌ನಲ್ಲಿ ವಿನ್ಯೆಟ್ (ಅಂಚುಗಳನ್ನು ಕಪ್ಪಾಗಿಸುವ ಎಫೆಕ್ಟ್) ಹಾಕಿದಾಗಲೆಲ್ಲ ಫೋಟೊದ ನಾಲ್ಕೂ ಮೂಲೆಗೆ ಮಸಿ ಬಳಿದಂತಾಗುತ್ತದೆ. ಅಮೌಂಟ್ (ಕತ್ತಲಿನ ಪ್ರಮಾಣ) ಎಷ್ಟಿಟ್ಟರೆ ಸರಿ?

ಉತ್ತರ: ಹೆಚ್ಚಿನ ಫೋಟೊಗಳಿಗೆ -10ರಿಂದ -25 ಸಾಕು. ಆದರೆ ಮಸಿಗೆ ಅಮೌಂಟ್ ಒಂದೇ ಕಾರಣವಲ್ಲ. ಕತ್ತಲು ಎಲ್ಲಿಂದ ಶುರುವಾಗಿದೆ ಎಂಬುದು ಕಣ್ಣಿಗೆ ಬಿದ್ದರೆ -15 ಕೂಡ ಅತಿಯೆನಿಸುತ್ತದೆ. ಆ ಗಡಿ ಎಲ್ಲಿರಬೇಕೆಂಬುದು ಮಿಡ್‌ಪಾಯಿಂಟ್ ಸ್ಲೈಡರ್ ಕೈಯಲ್ಲಿದೆ, ಎಷ್ಟು ಮೃದುವಾಗಿರಬೇಕೆಂಬುದು ಫೆದರ್ ಕೈಯಲ್ಲಿದೆ. ಬಹಳ ಮಂದಿ ಇವೆರಡನ್ನೂ ಮುಟ್ಟುವುದೇ ಇಲ್ಲ.

ಮೊದಲು ಕ್ರಾಪ್ ಮುಗಿಸಿ. ನಂತರ ಎಫೆಕ್ಟ್ಸ್ ಪ್ಯಾನೆಲ್‌ನ ಪೋಸ್ಟ್-ಕ್ರಾಪ್ ವಿನ್ಯೆಟಿಂಗ್‌ನಲ್ಲಿ ಅಮೌಂಟನ್ನು -100ಕ್ಕೂ ಫೆದರನ್ನು 0ಗೂ ಎಳೆಯಿರಿ. ಫೋಟೊ ವಿಕಾರವಾಗುತ್ತದೆ, ಆಗಲಿ. ವಿನ್ಯೆಟ್‌ನ ಅಂಚು ಕತ್ತರಿಸಿಟ್ಟಂತೆ ಕಾಣುವುದು ಆಗಲೇ. ಈಗ ಮಿಡ್‌ಪಾಯಿಂಟ್ ಸರಿಸಿ, ಮುಖ್ಯ ವಸ್ತು ಪೂರ್ತಿ ಅಂಚಿನೊಳಗೆ ಬರುವಂತೆ ಮಾಡಿ. ಸಂಖ್ಯೆ ಇಳಿದಷ್ಟೂ ಕತ್ತಲು ನಡುವಿನತ್ತ ನುಗ್ಗುತ್ತದೆ, ಏರಿದಷ್ಟೂ ಮೂಲೆಗೆ ಸರಿಯುತ್ತದೆ. ಅಂಚಿನ ಆಕಾರ ಎಷ್ಟು ದುಂಡಗೆ ಎಂಬುದನ್ನು ಹೇಳುವ ರೌಂಡ್‌ನೆಸ್ ಸಾಮಾನ್ಯವಾಗಿ 0 ಇರಲಿ. ಬಳಿಕ ಫೆದರನ್ನು 70ರಿಂದ 100ರ ನಡುವೆ ಇಟ್ಟು, ಅಮೌಂಟನ್ನು 0ಗೆ ತಂದು ಅಲ್ಲಿಂದ ನಿಧಾನವಾಗಿ ಇಳಿಸಿ. ಕತ್ತಲಾಯಿತು ಎಂದು ಎದ್ದು ಕಾಣುವ ಹಂತದಿಂದ ಮೂರರಲ್ಲೊಂದು ಪಾಲು ಹಿಂದೆ ಬಂದರೆ ಅದೇ ನಿಮ್ಮ ಸಂಖ್ಯೆ.

ಸ್ಟೈಲ್ ಆಯ್ಕೆಯೂ ನೋಡಿ. ಪೇಂಟ್ ಓವರ್‌ಲೇ ಚಿತ್ರದ ಮೇಲೆ ಕಪ್ಪನ್ನೇ ಬೆರೆಸುತ್ತದೆ. ನೀವು ಹೇಳುವ ಮಸಿಗೆ ಇದೂ ಕಾರಣವಿರಬಹುದು. ಹೈಲೈಟ್ ಪ್ರಯಾರಿಟಿ ಬೆಳಕಿನ ಭಾಗಗಳನ್ನು ಉಳಿಸುತ್ತದೆ, ಆದರೆ ಕಪ್ಪಾದ ಕಡೆ ಬಣ್ಣ ತುಸು ಹೊರಳಬಹುದು. ಚರ್ಮದ ಬಣ್ಣ ಅಂಚಿನವರೆಗೂ ಇರುವ ಫೋಟೊಗೆ ಕಲರ್ ಪ್ರಯಾರಿಟಿ ವಾಸಿ. ಅಂಚಿನಲ್ಲಿ ದೀಪಗಳಿದ್ದು ಮಂಕಾದರೆ ಕೆಳಗಿನ ಹೈಲೈಟ್ಸ್ ಸ್ಲೈಡರನ್ನು ಏರಿಸಿ. ಅದು ಪೇಂಟ್ ಓವರ್‌ಲೇಯಲ್ಲಿ ಕೆಲಸ ಮಾಡುವುದಿಲ್ಲ.

ಇನ್ನೊಂದು ಕಾರಣ ಲೆನ್ಸ್. ಎಫ್/1.8ರಂಥ ದೊಡ್ಡ ಅಪರ್ಚರ್‌ನಲ್ಲಿ (ಲೆನ್ಸಿನ ಬೆಳಕಿನ ಕಿಂಡಿ) ತೆಗೆದ ಚಿತ್ರದ ಮೂಲೆಗಳು ಮೊದಲೇ ಕಪ್ಪಾಗಿರುತ್ತವೆ. ಅದರ ಮೇಲೆ ನಿಮ್ಮದೂ ಸೇರಿದರೆ ಡಬಲ್ ಆಗುತ್ತದೆ. ಲೆನ್ಸ್ ಕರೆಕ್ಷನ್ಸ್‌ನಲ್ಲಿ ಪ್ರೊಫೈಲ್ ಕರೆಕ್ಷನ್ ಆನ್ ಮಾಡಿ ಲೆನ್ಸಿನ ಆ ಕತ್ತಲನ್ನು ತೆಗೆದ ಮೇಲೆಯೇ ವಿನ್ಯೆಟ್‌ಗೆ ಕೈಹಾಕಿ. ಅಂದಹಾಗೆ, ಅದೇ ಪ್ಯಾನೆಲ್‌ನ ಮ್ಯಾನ್ಯುಯಲ್ ಟ್ಯಾಬಿನಲ್ಲೂ ವಿನ್ಯೆಟಿಂಗ್ ಸ್ಲೈಡರ್ ಇದೆ. ಅದು ಕ್ರಾಪ್ ಆಗದ ಮೂಲ ಫ್ರೇಮಿಗೆ ಅನ್ವಯಿಸುತ್ತದೆ. ಅದನ್ನು ಎಳೆದು ಒಂದು ಪಕ್ಕಕ್ಕೆ ಕ್ರಾಪ್ ಮಾಡಿದರೆ ಕತ್ತಲೂ ಒಂದೇ ಪಕ್ಕ ಉಳಿಯುತ್ತದೆ.

ವಸ್ತು ಫ್ರೇಮಿನ ನಡುವೆ ಇಲ್ಲದಿದ್ದರೆ ಪೋಸ್ಟ್-ಕ್ರಾಪ್ ವಿನ್ಯೆಟಿಂಗ್ ಬಿಟ್ಟುಬಿಡಿ. ಅದರ ಕೇಂದ್ರ ಸರಿಸಲಾಗದು. ಮಾಸ್ಕಿಂಗ್‌ನಲ್ಲಿ ರೇಡಿಯಲ್ ಗ್ರೇಡಿಯಂಟನ್ನು (ದುಂಡನೆಯ ಮಾಸ್ಕ್) ವಸ್ತುವಿನ ಸುತ್ತ ಎಳೆದು, ಕತ್ತಲು ಅದರ ಹೊರಗೆ ಬೀಳುವಂತೆ ಇನ್ವರ್ಟ್ ಮಾಡಿ. ಫೆದರ್ 80ರಿಂದ 100, ಎಕ್ಸ್‌ಪೋಶರ್ -0.3ರಿಂದ -0.7. ಮೊಬೈಲಿನಲ್ಲಾದರೆ ಸ್ನ್ಯಾಪ್‌ಸೀಡ್ ಆ್ಯಪ್‌ನ ವಿನ್ಯೆಟ್ ಟೂಲ್‌ನ ನೀಲಿ ಚುಕ್ಕೆಯನ್ನು ವಸ್ತುವಿನ ಮೇಲಿಟ್ಟು, ಎರಡು ಬೆರಳಲ್ಲಿ ವೃತ್ತ ಹಿಗ್ಗಿಸಿ. ಹಿನ್ನೆಲೆ ಅಚ್ಚ ಬಿಳಿಯಾಗಿದ್ದರೆ ವಿನ್ಯೆಟ್ ಬೇಡವೇ ಬೇಡ: ಬಿಳಿ ಬೂದುಬಣ್ಣಕ್ಕೆ ತಿರುಗಿ, ಫೋಟೊ ಕೊಳೆಯಾದಂತೆ ಕಾಣುತ್ತದೆ.

ನೀಲಿ ಆಕಾಶದಲ್ಲಿ ಉಂಗುರದಂಥ ಪಟ್ಟೆಗಳು ಮೂಡಿದರೆ ಅದು ಬ್ಯಾಂಡಿಂಗ್. 8 ಬಿಟ್ ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು ಮಾತ್ರ. ನಯವಾದ ಇಳಿಜಾರಿಗೆ ಅದು ಸಾಲುವುದಿಲ್ಲ. ರಾ ಫೈಲಿನಿಂದಲೇ (ಕ್ಯಾಮೆರಾ ಸೆನ್ಸರಿನ ಮೂಲ ಮಾಹಿತಿಯ ಫೈಲು) ಎಡಿಟ್ ಮಾಡಿ. ಜೆಪೆಗ್ ಮಾತ್ರ ಇದ್ದರೆ ಗ್ರೇನ್ (ಸಣ್ಣ ಕಾಳುಕಾಳಿನ ಎಫೆಕ್ಟ್) 10ರ ಆಸುಪಾಸು ಕೊಡಿ, ಪಟ್ಟೆಗಳು ಒಡೆದು ಮರೆಯಾಗುತ್ತವೆ.