ಆಟಿಸಂ: ಶೇ 80 ಆನುವಂಶಿಕ ಅಂದರೆ ನಿಜಕ್ಕೂ ಏನು?

ಆಟಿಸಂ, ಅಂದರೆ ಮಾತು, ಬೆರೆಯುವಿಕೆ, ವರ್ತನೆ ಬೇರೆ ಥರ ಇರುವ ಮಿದುಳಿನ ಬೆಳವಣಿಗೆಯ ಸ್ಥಿತಿ; ಅದರ ಬಗ್ಗೆ ಬರೆಯುವವರಿಗೆ ಈ ಮಾತು. ಅದರ ಜೊತೆ ಹೆಸರು ಕೇಳಿಬರುವ ಅಂಶಗಳ ಪಟ್ಟಿ ಮೊದಲು ಮುಗಿಸಿಬಿಡೋಣ, ಅದರಲ್ಲಿ ಕಷ್ಟ ಏನಿಲ್ಲ. ಅಪ್ಪ ಅಥವಾ ಅಮ್ಮನ ವಯಸ್ಸು ಜಾಸ್ತಿ ಇರುವುದು, ಮಗು ಅವಧಿಗೆ ಮುಂಚೆ ಹುಟ್ಟುವುದು, ಬಸುರಿಯಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಸೋಂಕು, ಎರಡು ಬಸಿರಿನ ನಡುವೆ ತೀರಾ ಕಡಿಮೆ ಅಂತರ, ಹೊಗೆ ತುಂಬಿದ ಗಾಳಿ. ಇವೆಲ್ಲ ಆಟಿಸಂ ಜೊತೆ ನಂಟು ತೋರಿಸಿವೆ. ನಂಟು, ಅಷ್ಟೇ. ಕಾರಣ ಅಂತ ಬರೆಯಬೇಡಿ.

ಲಸಿಕೆ ಈ ಪಟ್ಟಿಯಲ್ಲಿ ಇಲ್ಲ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂದಿದ್ದ, ಬರೀ 12 ಮಕ್ಕಳ ಮೇಲೆ ನಿಂತಿದ್ದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ತಾನೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿದ 2019ರ ಅಧ್ಯಯನದಲ್ಲೂ ಎಂಎಂಆರ್ ಲಸಿಕೆಗೆ ನಂಟು ಸಿಗಲಿಲ್ಲ.

ಈಗ ತಲೆ ಕೆಡಿಸುವ ಭಾಗ

ಐದು ದೇಶಗಳ 20 ಲಕ್ಷ ಮಕ್ಕಳ ಮಾಹಿತಿ ಸೇರಿಸಿ 2019ರಲ್ಲಿ ಬಂದ ಲೆಕ್ಕ ಹೇಳುವುದು, ಆಟಿಸಂನ ಆನುವಂಶಿಕತೆ ಸುಮಾರು ಶೇ 80. ಅದೇ ಓದುತ್ತಾ ಹೋದರೆ ಇನ್ನೊಂದು ಅಂಕಿ ಎದುರಾಗುತ್ತದೆ: ಮೊದಲ ಮಗುವಿಗೆ ಆಟಿಸಂ ಇದ್ದರೆ ತಮ್ಮನಿಗೋ ತಂಗಿಗೋ ಬರುವ ಸಾಧ್ಯತೆ ಸುಮಾರು ಶೇ 20. ಶೇ 80 ಆನುವಂಶಿಕ ಆಗಿದ್ದರೆ ಐದರಲ್ಲಿ ನಾಲ್ಕು ತಮ್ಮಂದಿರಿಗೆ ಬರಬೇಕಿತ್ತಲ್ವಾ?

ಬರಬೇಕಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಯ ಉತ್ತರ. ಶೇ 80 ಅನ್ನುವುದು ಒಂದು ಮಗುವಿನ ಬಗ್ಗೆ ಅಲ್ಲವೇ ಅಲ್ಲ, ಇಡೀ ಜನಸಮೂಹದ ಬಗ್ಗೆ. ಆ ಸಮೂಹದಲ್ಲಿ ಆಟಿಸಂ ಕಡೆಗಿನ ಒಲವು ಒಬ್ಬರಿಂದ ಒಬ್ಬರಿಗೆ ಬೇರೆ ಇರುತ್ತದೆ, ಆ ವ್ಯತ್ಯಾಸದಲ್ಲಿ ಎಷ್ಟು ಭಾಗವನ್ನು ಜೀನ್‌ಗಳ ವ್ಯತ್ಯಾಸದಿಂದ ವಿವರಿಸಬಹುದು ಅನ್ನುವುದಷ್ಟೇ ಅದರ ಅರ್ಥ. ಹೀಗೆ ಪರೀಕ್ಷಿಸಿ: ಎಲ್ಲ ಮಕ್ಕಳಿಗೂ ಒಂದೇ ಥರದ ಗಾಳಿ, ಒಂದೇ ಥರದ ಬಸಿರು, ಒಂದೇ ಥರದ ಹೆರಿಗೆ ಸಿಕ್ಕಿತು ಅಂದುಕೊಳ್ಳಿ. ಒಂದು ಜೀನ್ ಕೂಡ ಬದಲಾಗದೆ ಆನುವಂಶಿಕತೆ ಏರಿಬಿಡುತ್ತದೆ, ಯಾಕೆಂದರೆ ಉಳಿದ ವ್ಯತ್ಯಾಸಕ್ಕೆ ಜೀನ್ ಬಿಟ್ಟು ಬೇರೆ ಕಾರಣವೇ ಇಲ್ಲ. ಹಾಗಾಗಿ "ಈ ಮಗುವಿನ ಆಟಿಸಂನಲ್ಲಿ ಶೇ 80 ಜೀನ್, ಶೇ 20 ಪರಿಸರ" ಅನ್ನುವ ವಾಕ್ಯಕ್ಕೆ ಅರ್ಥವೇ ಇಲ್ಲ.

ಶೇ 20 ಮಾತ್ರ ನೇರವಾದ ಸಾಧ್ಯತೆ. ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ಜೀನ್ ವ್ಯತ್ಯಾಸಗಳನ್ನು ಹಂಚಿಕೊಳ್ಳುತ್ತಾರೆ, ಪೂರ್ತಿ ಅಲ್ಲ. ಬೇರೆ ಮಕ್ಕಳಿಗೆ ಹೋಲಿಸಿದರೆ ಶೇ 20 ಕೂಡ ಎಷ್ಟೋ ಪಟ್ಟು ಹೆಚ್ಚು. ಇನ್ನೊಂದು ತಿರುವು: ಕೆಲವು ಜೀನ್ ಬದಲಾವಣೆ ಅಪ್ಪ ಅಮ್ಮ ಇಬ್ಬರಲ್ಲೂ ಇರುವುದಿಲ್ಲ, ವೀರ್ಯಾಣು ಅಥವಾ ಅಂಡಾಣುವಿನಲ್ಲಿ ಹೊಸದಾಗಿ ಹುಟ್ಟುತ್ತದೆ. ಅಪ್ಪನ ವಯಸ್ಸಿನ ಜೊತೆ ಇಂಥವು ಹೆಚ್ಚುತ್ತವೆ. ಅಂದರೆ ಜೀನ್‌ನಿಂದ ಬಂದದ್ದೆಲ್ಲ ಮನೆತನದಿಂದ ಬಂದದ್ದಲ್ಲ.

ಐದು ದೇಶಗಳ ಅದೇ ಅಧ್ಯಯನದಲ್ಲಿ ಮನೆಯ ಎಲ್ಲ ಮಕ್ಕಳಿಗೂ ಸಮಾನವಾದ ವಾತಾವರಣದ ಪಾಲು ತೀರಾ ಚಿಕ್ಕದು. ತಾಯಿಗೆ ಪ್ರೀತಿ ಕಡಿಮೆ, ಅದಕ್ಕೇ ಆಟಿಸಂ ಅಂತ ಒಂದು ಕಾಲದಲ್ಲಿ ವೈದ್ಯರೇ ತಾಯಂದಿರನ್ನು ದೂರಿದ್ದರು. ಎಂಥ ಅನ್ಯಾಯ.

ನನ್ನ ಮೆಚ್ಚಿನ ಸುಲಭ ದಾರಿ

ಹೊಸ ಅಂಶ ಯಾವುದೇ ಬರಲಿ, ಮೊದಲು ಕೇಳಬೇಕಾದ್ದು: ಒಡಹುಟ್ಟಿದವರನ್ನು ಹೋಲಿಸಿದ್ದಾರಾ? ಸ್ವೀಡನ್‌ನ 24 ಲಕ್ಷಕ್ಕೂ ಹೆಚ್ಚು ಮಕ್ಕಳ 2024ರ ಅಧ್ಯಯನದಲ್ಲಿ, ಬಸುರಿಯರು ಪ್ಯಾರಾಸಿಟಮಾಲ್ ತೆಗೆದುಕೊಂಡಿದ್ದರೆ ಆಟಿಸಂ ಒಂಚೂರು ಹೆಚ್ಚು ಕಂಡಿತ್ತು. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದ ತಕ್ಷಣ ಆ ಹೆಚ್ಚಳ ಮಾಯ. ಕುಟುಂಬದ ಜೀನ್, ತಾಯಿಯ ಆರೋಗ್ಯದಂಥ ಬೇರೆ ಸಂಗತಿಗಳೇ ಮಾತ್ರೆಯ ಹೆಸರಲ್ಲಿ ಕಾಣಿಸಿಕೊಂಡಿದ್ದವು ಅನ್ನುವ ಕಡೆಗೇ ಇದು ಬೊಟ್ಟು ಮಾಡುತ್ತದೆ.

ಗಟ್ಟಿಯಾಗಿ ಉಳಿದದ್ದು ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್. ಡೆನ್ಮಾರ್ಕ್‌ನ 2013ರ ವರದಿಯಲ್ಲಿ ಒಟ್ಟಾರೆ ಶೇ 1.5 ಇದ್ದ ಸಾಧ್ಯತೆ, ಬಸಿರಿನಲ್ಲಿ ಈ ಔಷಧಿ ತಾಗಿದ ಮಕ್ಕಳಲ್ಲಿ ಶೇ 4.4. ಸುಮ್ನೆ "ಮೂರು ಪಟ್ಟು" ಅಂತ ಬರೆಯದೆ ಎರಡೂ ಅಂಕಿ ಬರೆಯಿರಿ, ಆಗಲೇ 100ರಲ್ಲಿ 95 ಮಕ್ಕಳಿಗೆ ಆಟಿಸಂ ಬರಲಿಲ್ಲ ಅನ್ನುವುದೂ ಕಾಣುತ್ತದೆ. ಹಾಗಂತ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವಂತಿಲ್ಲ. ಬಸಿರಿನಲ್ಲಿ ಫಿಟ್ಸ್ ಬಂದರೆ ಇಬ್ಬರಿಗೂ ಅಪಾಯ. ಬದಲಿ ಔಷಧಿಯ ಮಾತು ಮಗು ಬೇಕು ಅಂದುಕೊಂಡಾಗಲೇ ವೈದ್ಯರ ಜೊತೆ ಆಗಬೇಕು.