ಓಡುತ್ತಿರುವ ಸರ್ವರ್‌ನ ಓಎಸ್ ಬದಲಿಸಬಹುದಾ? ಬದಲಿಸಬಹುದು, ಮತ್ತೊಮ್ಮೆ ಹೇಳುತ್ತೇನೆ

ಪ್ರಶ್ನೆ: ನನ್ನ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ಇನ್ನೂ ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್ ಇದೆ. ಐಪಿ ಬದಲಾಗದ ಹಾಗೆ, ಸರ್ವರ್ ಒಳಗಿನಿಂದಲೇ ಅದನ್ನು ತೆಗೆದು ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಹಾಕಬಹುದಾ ಸರ್? ಕೂತ ಕೊಂಬೆಯನ್ನೇ ಕಡಿದ ಹಾಗೆ ಆಗಲ್ವಾ?

ಉತ್ತರ: ಹಾಕಬಹುದು. ಸೆಂಟ್‌ಓಎಸ್ 7ಕ್ಕೆ ಬೆಂಬಲ ನಿಂತಿದ್ದು 2024ರ ಜೂನ್ 30ಕ್ಕೆ. ಈ ಪ್ರಶ್ನೆ ಬರುವುದು ಮಾತ್ರ ನಿಂತಿಲ್ಲ.

ಮೊದಲು ನಿಮ್ಮ ಹೋಸ್ಟಿಂಗ್ ಕಂಪನಿ ಕೊಟ್ಟಿರುವ ವೆಬ್ ಪ್ಯಾನೆಲ್ ನೋಡಿ. ಅಲ್ಲಿ ರೀಬಿಲ್ಡ್ ಅಥವಾ ರೀಇನ್‌ಸ್ಟಾಲ್ ಬಟನ್ ಇದ್ದು, ಪಟ್ಟಿಯಲ್ಲಿ ಡೆಬಿಯನ್ ಕೂಡ ಇದ್ದರೆ ಡೇಟಾವನ್ನು ಬೇರೆ ಕಡೆ ನಕಲು ಮಾಡಿಟ್ಟು ಅದನ್ನೇ ಒತ್ತಿ. ಸಾಮಾನ್ಯವಾಗಿ ಐಪಿ ಹಾಗೇ ಉಳಿಯುತ್ತದೆ. ಸುಮ್ನೆ ಸಾಹಸ ಬೇಡ. ಮುಂದಿನ ಮಾತೆಲ್ಲ ಬೇಕಾದ ಓಎಸ್ ಪಟ್ಟಿಯಲ್ಲಿ ಇಲ್ಲದವರಿಗೆ, ಅಥವಾ ಪಾರ್ಟಿಷನ್, ಎನ್‌ಕ್ರಿಪ್ಷನ್ ಎಲ್ಲ ತಮ್ಮ ಲೆಕ್ಕದಲ್ಲೇ ಆಗಬೇಕು ಅನ್ನುವವರಿಗೆ.

ಈಗ ಆ ಕೊಂಬೆಯ ವಿಷಯ. ಓಡುತ್ತಿರುವ ಓಎಸ್‌ನ ಡಿಸ್ಕ್ ಮುಟ್ಟಿದರೆ ಸರ್ವರ್ ಆ ಕ್ಷಣವೇ ಸತ್ತುಹೋಗುತ್ತದೆ ಅನ್ನುವ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ನೀವು ಯಾವತ್ತಾದರೂ ದೊಡ್ಡದೊಂದು ಲಾಗ್ ಫೈಲ್ ಅಳಿಸಿದ ಮೇಲೂ ಡಿಎಫ್ ಕಮ್ಯಾಂಡ್ ಡಿಸ್ಕ್ ಭರ್ತಿ ಅಂತಲೇ ತೋರಿಸಿದ್ದು ಉಂಟಾ? ಆ ಲಾಗ್ ಬರೆಯುತ್ತಿದ್ದ ವೆಬ್ ಸರ್ವರ್ ಪ್ರೋಗ್ರಾಂ ಎಂಜಿನ್‌ಎಕ್ಸ್ ರೀಸ್ಟಾರ್ಟ್ ಮಾಡಿದ ಮೇಲಷ್ಟೇ ಜಾಗ ಬಂತು, ಅಲ್ವಾ? ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಲಿನಕ್ಸ್‌ನಲ್ಲಿ ಅಳಿಸುವ ಕಮ್ಯಾಂಡ್ ಆರ್‌ಎಂ ತೆಗೆಯುವುದು ಫೈಲಿನ ಹೆಸರನ್ನು. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ, ಅದು ಮುಚ್ಚುವ ತನಕ ಒಳಗಿನ ಡೇಟಾಗೆ ಏನೂ ಆಗುವುದಿಲ್ಲ.

ಓಎಸ್‌ನ ತಿರುಳಾದ ಕರ್ನಲ್ ಅಂತೂ ಬೂಟ್ ಆಗುವಾಗಲೇ ಮೆಮೊರಿಗೆ ಬಂದು ಕೂತಿರುತ್ತದೆ. ಬೂಟ್ ಫೋಲ್ಡರಿನಲ್ಲಿರುವ ಆ ಕರ್ನಲ್ ಫೈಲನ್ನು ಅದು ಮತ್ತೆ ತಿರುಗಿ ನೋಡುವುದಿಲ್ಲ. ನಂಬಿಕೆ ಬರದಿದ್ದರೆ ಒಂದು ಬಿಸಾಡುವ ವರ್ಚುವಲ್ ಮಷೀನಿನಲ್ಲಿ ರೂಟ್ ಡೈರೆಕ್ಟರಿಯನ್ನೇ ಅಳಿಸಿ ನೋಡಿ. ಪ್ರೊಡಕ್ಷನ್‌ನಲ್ಲಿ ಬೇಡ ಮಾರಾಯ್ರೇ! ಕಮ್ಯಾಂಡ್ ಟೈಪ್ ಮಾಡುವ ಬ್ಯಾಶ್ ಪ್ರೋಗ್ರಾಮಿನ ಪ್ರಾಂಪ್ಟ್ ಏನೂ ಆಗದ ಹಾಗೆ ಮಿನುಗುತ್ತಿರುತ್ತದೆ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಸಿಗುವುದಿಲ್ಲ, ಏಕೆಂದರೆ ಅದೊಂದು ಬೇರೆ ಫೈಲ್. ಎಕೋ, ಸಿಡಿ ಎರಡೂ ಓಡುತ್ತವೆ, ಏಕೆಂದರೆ ಅವು ಬ್ಯಾಶ್‌ನ ಒಳಗೇ ಇವೆ.

ಆದರೆ ಈ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಡಿಡಿ ಕಮ್ಯಾಂಡಿನಿಂದ ಡಿಸ್ಕಿನ ಮೇಲೆ ನೇರವಾಗಿ ಹೊಸ ಓಎಸ್‌ನ ಇಮೇಜ್ ಬರೆದರೆ ಕಥೆ ಬೇರೆ. ಪ್ರೋಗ್ರಾಂಗಳು ಪೂರ್ತಿಯಾಗಿ ಮೆಮೊರಿಗೆ ಬಂದಿರುವುದಿಲ್ಲ. ಬೇಕಾದಾಗ ಬೇಕಾದ ಪುಟವನ್ನು (ಚಿಕ್ಕ ತುಂಡನ್ನು) ಕರ್ನಲ್ ಡಿಸ್ಕಿನಿಂದ ಓದಿಕೊಳ್ಳುತ್ತದೆ. ಆ ಜಾಗದಲ್ಲಿ ಈಗ ಬೇರೇನೋ ಬರೆದಿದೆ. ಅಲ್ಲಿಗೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಅರ್ಧ ದಾರಿಯಲ್ಲೇ ಬಿದ್ದುಹೋಗಬಹುದು. ಹಾಗಾಗಿಯೇ ಕಡಿಯುವ ಮೊದಲು ಕೊಂಬೆಯಿಂದ ಇಳಿಯಬೇಕು, ಅಂದರೆ ಎಲ್ಲವನ್ನೂ ಮೆಮೊರಿಗೆ ಸಾಗಿಸಬೇಕು.

ಅದಕ್ಕೆ ಕೆ-ಎಕ್ಸೆಕ್ ಇದೆ. ಓಡುತ್ತಿರುವ ಕರ್ನಲ್ಲೇ ಇನ್ನೊಂದು ಕರ್ನಲ್ಲನ್ನು ಮೆಮೊರಿಗೆ ತುಂಬಿಕೊಂಡು, ಮಷೀನನ್ನು ಮೊದಲಿಂದ ಎಬ್ಬಿಸುವ ಬಯಾಸ್ ಕಡೆ ಹೋಗದೆ ನೇರ ಅದಕ್ಕೆ ಜಿಗಿಯುತ್ತದೆ. ಈ ಸೌಲಭ್ಯ 2005ರಲ್ಲೇ, ಲಿನಕ್ಸ್ 2.6.13ರಲ್ಲಿ ಬಂತು. ಡೆಬಿಯನ್‌ನ ನೆಟ್‌ಬೂಟ್ ಇನ್‌ಸ್ಟಾಲರ್ ಅಂದರೆ ಎರಡೇ ಫೈಲು: ಕರ್ನಲ್ ಮತ್ತು ಇನಿಟ್‌ಆರ್‌ಡಿ (ಬೂಟ್ ಆಗುವಾಗ ಮೆಮೊರಿಗೆ ಬರುವ ಪುಟ್ಟ ಫೈಲ್ ಸಿಸ್ಟಮ್). ಎರಡನ್ನೂ ಕೆ-ಎಕ್ಸೆಕ್‌ಗೆ ಕೊಟ್ಟರೆ ಇನ್‌ಸ್ಟಾಲರ್ ಪೂರ್ತಿ ಮೆಮೊರಿಯಲ್ಲೇ ಓಡುತ್ತದೆ. ಆಮೇಲೆ ಡಿಸ್ಕನ್ನು ನಿಮಗೆ ಬೇಕಾದ ಹಾಗೆ ಹರಿದು ಹಂಚಬಹುದು. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಪ್ರೀಸೀಡ್ ಫೈಲಿನಲ್ಲಿ ನೆಟ್‌ವರ್ಕ್ ಕನ್ಸೋಲ್ ಆನ್ ಮಾಡಿಟ್ಟರೆ ಎಸ್‌ಎಸ್‌ಎಚ್ ಮೂಲಕವೇ ಇನ್‌ಸ್ಟಾಲ್ ಮಾಡಬಹುದು. ಆದರೆ ನಿಮ್ಮದು ಓಪನ್‌ವಿಝೆಡ್ ಅಥವಾ ಎಲ್‌ಎಕ್ಸ್‌ಸಿ ಅನ್ನುವ ಕಂಟೇನರ್ ಮಾದರಿಯ ವಿಪಿಎಸ್ ಆಗಿದ್ದರೆ ಇದನ್ನು ಮರೆತುಬಿಡಿ. ಅಲ್ಲಿ ಕರ್ನಲ್ ನಿಮ್ಮದಲ್ಲ, ಹೋಸ್ಟ್ ಮಷೀನಿನದು.

ಇಷ್ಟೆಲ್ಲ ಆದ ಮೇಲೆ ಜನ ಸಿಕ್ಕಿಹಾಕಿಕೊಳ್ಳುವುದು ಡಿಸ್ಕಿನಲ್ಲಿ ಅಲ್ಲ, ನೆಟ್‌ವರ್ಕ್‌ನಲ್ಲಿ. ಹಳೆಯದರಲ್ಲಿ ಈಥ್0 ಅಂತಿದ್ದ ಇಂಟರ್‌ಫೇಸ್ ಹೊಸದರಲ್ಲಿ ಇಎನ್‌ಎಸ್3 ಆಗಿರಬಹುದು. ಐಪಿಯನ್ನು ತಾನಾಗಿಯೇ ಕೊಡುವ ಡಿಎಚ್‌ಸಿಪಿ ಎಲ್ಲ ಕಡೆ ಇರುವುದಿಲ್ಲ. ಶುರು ಮಾಡುವ ಮೊದಲೇ ಐಪಿ, ನೆಟ್‌ಮಾಸ್ಕ್, ಗೇಟ್‌ವೇ ಬರೆದಿಟ್ಟುಕೊಳ್ಳಿ, ಸರ್ವರ್‌ನಲ್ಲಿ ಅಲ್ಲ, ಕಾಗದದಲ್ಲಿ. ಸರ್ವರ್‌ನ ಪರದೆಯನ್ನೇ ತೋರಿಸುವ ಪ್ಯಾನೆಲ್‌ನ ವಿಎನ್‌ಸಿ ಕನ್ಸೋಲ್ ತೆರೆದುಕೊಳ್ಳುತ್ತಾ ಅಂತಲೂ ಮೊದಲೇ ನೋಡಿ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್ ಬಳಸುವವರಿಗೆ ಇನ್ನೊಂದು ಮಾತು: ರೀಬೂಟ್ ಮಾಡಿದರೆ ಪಬ್ಲಿಕ್ ಐಪಿ ಉಳಿಯುತ್ತದೆ, ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಎಲಾಸ್ಟಿಕ್ ಐಪಿ (ಅಲ್ಲಿನ ಸ್ಥಿರ ಐಪಿ) ಇಲ್ಲದವರದ್ದು ಹೋಗುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹೊಸ ಓಎಸ್ ಬಂದ ಮೇಲೆ ಮೊದಲ ಸಲ ಲಾಗಿನ್ ಆಗಲು ಹೋದರೆ ಎಸ್‌ಎಸ್‌ಎಚ್ ದೊಡ್ಡ ಅಕ್ಷರಗಳಲ್ಲಿ ಕೂಗಾಡುತ್ತದೆ, ಯಾರೋ ನಡುವೆ ಕೂತು ಕದ್ದು ಕೇಳುತ್ತಿರಬಹುದು ಅಂತ. ಸರ್ವರ್‌ನ ಗುರುತಾದ ಹೋಸ್ಟ್ ಕೀ ಬದಲಾಗಿದೆ, ಅಷ್ಟೇ. ಆದರೆ ಅದಕ್ಕೆ ಹೆಚ್ಚಿನವರು ಮಾಡುವುದೇನು? ಸರ್ವರ್‌ಗಳ ಕೀಗಳನ್ನು ನಿಮ್ಮ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ನೋನ್-ಹೋಸ್ಟ್ಸ್ ಫೈಲನ್ನೇ ಪೂರ್ತಿ ಅಳಿಸುತ್ತಾರೆ. ಬೇರೆ ಸರ್ವರ್‌ಗಳ ಕೀಗಳೂ ಅದರ ಜೊತೆ ಹೋದವು! ಎಸ್‌ಎಸ್‌ಎಚ್-ಕೀಜೆನ್‌ಗೆ ಆರ್ ಆಯ್ಕೆ ಕೊಟ್ಟು ಈ ಒಂದು ಐಪಿಯ ಸಾಲನ್ನು ಮಾತ್ರ ತೆಗೆಯಿರಿ. ಆರ್ ದೊಡ್ಡಕ್ಷರದಲ್ಲಿರಲಿ. ಆಮೇಲೆ ವಿಎನ್‌ಸಿ ಕನ್ಸೋಲ್‌ನಲ್ಲಿ ಹೊಸ ಕೀಯ ಫಿಂಗರ್‌ಪ್ರಿಂಟ್ (ಕೀಯ ಚಿಕ್ಕ ಗುರುತು) ನೋಡಿ, ಅದೂ ಎಸ್‌ಎಸ್‌ಎಚ್ ತೋರಿಸುವುದೂ ತಾಳೆಯಾದರೆ ಯೆಸ್ ಅನ್ನಿ. ಹಳೆಯ ಹೋಸ್ಟ್ ಕೀಗಳನ್ನೇ ಹೊಸ ಓಎಸ್‌ಗೆ ನಕಲು ಮಾಡಿದರೆ ಈ ಕೂಗಾಟವೇ ಇರುವುದಿಲ್ಲ, ನಿಜ. ಆದರೆ ಜೂನ್ 2024ರಿಂದ ಅಪ್‌ಡೇಟ್ ಕಾಣದ ಸರ್ವರ್‌ನ ಕೀಗಳನ್ನು ನಾನಂತೂ ಹೊತ್ತು ತರುವುದಿಲ್ಲ.